ಮಕ್ಕಳ ಮಂಡಿಯ ಕಾರ್ಟಿಲೇಜ್ ಗಾಯ: ಯಾವ ಆಪರೇಷನ್ ಯಾರಿಗೆ

ಒಂದೇ ಎಂಆರ್‌ಐ ರಿಪೋರ್ಟ್ ಹಿಡಿದು ಬೆಂಗಳೂರಿನಲ್ಲಿ ಮೂವರು ಡಾಕ್ಟರರನ್ನು ಕಂಡರೆ ಮೂರು ಆಪರೇಷನ್‌ಗಳ ಹೆಸರು ಕೇಳಿಬರುವುದು ಅಪರೂಪವಲ್ಲ. ಒಬ್ಬರು ಡ್ರಿಲ್ಲಿಂಗ್ ಅನ್ನುತ್ತಾರೆ, ಇನ್ನೊಬ್ಬರು ಮೈಕ್ರೋಫ್ರಾಕ್ಚರ್, ಮತ್ತೊಬ್ಬರು ಲ್ಯಾಬ್‌ನಲ್ಲಿ ಕೋಶ ಬೆಳೆಸಿ ಹಾಕೋಣ ಅನ್ನುತ್ತಾರೆ. ಮನೆಗೆ ಬಂದ ಮೇಲೆ ಅಪ್ಪ ಅಮ್ಮ ಹೋಲಿಸಲು ಕೂರುವುದು ಈ ಹೆಸರುಗಳನ್ನು, ಅವುಗಳ ಖರ್ಚನ್ನು. ಅದಕ್ಕೂ ಮೊದಲು ತಿಳಿಯಬೇಕಾದ ಮೂರು ಸಂಗತಿಗಳಿವೆ: ಸಡಿಲಾದ ಅಥವಾ ಕಿತ್ತುಬಂದ ಕಾರ್ಟಿಲೇಜ್ ಚೂರು ಇನ್ನೂ ಕೆಲಸಕ್ಕೆ ಬರುತ್ತದೆಯೇ, ಗಾಯ ಎಷ್ಟು ಅಗಲ ಎಷ್ಟು ಆಳ, ಮಗುವಿನ ಗ್ರೋತ್ ಪ್ಲೇಟ್ (ಮೂಳೆ ಉದ್ದಕ್ಕೆ ಬೆಳೆಯುವ, ತುದಿಯ ಬಳಿಯ ಮೆದು ಪದರ) ಇನ್ನೂ ತೆರೆದಿದೆಯೇ. ಇವಿಷ್ಟು ಗೊತ್ತಾದರೆ ಅರ್ಧ ಆಯ್ಕೆಗಳು ತಾವಾಗಿಯೇ ಬಿದ್ದುಹೋಗುತ್ತವೆ. ಉಳಿದವುಗಳಲ್ಲಿ ನಮ್ಮ ಒಲವು ಮೊದಲೇ ಹೇಳಿಬಿಡುತ್ತೇವೆ: ಮಗುವಿನದೇ ಚೂರನ್ನು ಅದರ ಜಾಗದಲ್ಲಿ ಉಳಿಸಿಕೊಳ್ಳಲು ಸಾಧ್ಯವಿದ್ದರೆ ಅದಕ್ಕಿಂತ ಒಳ್ಳೆಯ ರಿಪೇರಿ ಇಲ್ಲ.

ಗಾಯ ಯಾವುದು

ಮೂಳೆಗಳ ತುದಿಗೆ ಹೊದ್ದಿಸಿದಂತಿರುವ ನುಣುಪಾದ ಪದರವೇ ಇಲ್ಲಿ ಹೇಳುತ್ತಿರುವ ಕಾರ್ಟಿಲೇಜ್. ಇದಕ್ಕೆ ರಕ್ತನಾಳವೂ ಇಲ್ಲ, ನರವೂ ಇಲ್ಲ. ಹಾಗಾಗಿ ಗಾಯವಾದರೆ ತಾನಾಗಿ ಸರಿಯಾಗಿ ತುಂಬಿಕೊಳ್ಳುವುದಿಲ್ಲ, ಮೇಲುಮೇಲಿನ ಗಾಯ ನೋಯುವುದೂ ಇಲ್ಲ. ಮಂಡಿಯೊಳಗೆ ಎರಡು ಮೂಳೆಗಳ ನಡುವೆ ಮೆತ್ತೆಯಂತಿರುವ ಮೆನಿಸ್ಕಸ್ ಬೇರೆ. ರಿಪೋರ್ಟ್‌ನಲ್ಲಿ 'ಮೆನಿಸ್ಕಲ್ ಟೇರ್' ಎಂದಿದ್ದರೆ ಈ ಬರಹದ ಹೋಲಿಕೆ ಅದಕ್ಕೆ ಹೊಂದುವುದಿಲ್ಲ.

ಮಕ್ಕಳಲ್ಲಿ ಮುಖ್ಯವಾಗಿ ಕಾಣುವುದು ಎರಡು ಬಗೆ. ಮೊದಲನೆಯದು ಆಸ್ಟಿಯೋಕಾಂಡ್ರೈಟಿಸ್ ಡಿಸೆಕನ್ಸ್, ಡಾಕ್ಟರರು ಓಸಿಡಿ ಎಂದು ಬರೆಯುತ್ತಾರೆ (ಗೀಳಿನ ಓಸಿಡಿಗೂ ಇದಕ್ಕೂ ಸಂಬಂಧವಿಲ್ಲ). ಕಾರ್ಟಿಲೇಜಿನ ಅಡಿಯ ಮೂಳೆ ಒಂದು ಕಡೆ ದುರ್ಬಲವಾಗಿ, ಮೇಲಿನ ಪದರದ ಸಮೇತ ನಿಧಾನವಾಗಿ ಸಡಿಲಾಗುತ್ತದೆ. ಬಹುತೇಕ ತೊಡೆಮೂಳೆಯ ಕೆಳತುದಿಯ ಒಳಬದಿಯ ಉಬ್ಬಿನಲ್ಲಿ, ಅದರಲ್ಲೂ ನಡುವಿಗೆ ತಾಗಿದ ಭಾಗದಲ್ಲಿ. ಹತ್ತು ವರ್ಷ ದಾಟಿದ, ದಿನವೂ ಓಡಿ ಜಿಗಿಯುವ ಮಕ್ಕಳಲ್ಲಿ ಹೆಚ್ಚು. ಎರಡನೆಯದು ಒಂದೇ ಏಟಿಗೆ ಆಗುವುದು. ಫುಟ್ಬಾಲ್‌ನಲ್ಲೋ ಕೊಕ್ಕೊದಲ್ಲೋ ಕಾಲು ತಿರುಚಿ ಮಂಡಿಚಿಪ್ಪು ಹೊರಕ್ಕೆ ಜಾರುತ್ತದೆ. ಅದು ವಾಪಸ್ ಕೂರುವಾಗ ಚಿಪ್ಪಿನ ಒಳಅಂಚು ಅಥವಾ ತೊಡೆಮೂಳೆಯ ಹೊರಉಬ್ಬಿನಿಂದ ಒಂದು ಚೂರು ಕಿತ್ತುಬರುತ್ತದೆ. ಏಟು ಬಿದ್ದ ಕೆಲವೇ ಗಂಟೆಗಳಲ್ಲಿ ಮಂಡಿ ದಪ್ಪಗೆ ಊದಿಕೊಂಡಿದ್ದರೆ ಒಳಗೆ ರಕ್ತ ತುಂಬಿದೆ ಎಂದೇ ಅರ್ಥ. ಅಂಥ ಮಂಡಿಗೆ ಎಕ್ಸ್‌ರೇ 'ನಾರ್ಮಲ್' ಬಂತೆಂದು ಕ್ರೇಪ್ ಬ್ಯಾಂಡೇಜ್ ಸುತ್ತಿ ಕಳಿಸುವುದು ನಾವು ಕಾಣುವ ಅತಿ ದುಬಾರಿ ತಪ್ಪು. ಬರೀ ಕಾರ್ಟಿಲೇಜಿನ ಚೂರು ಎಕ್ಸ್‌ರೇಯಲ್ಲಿ ಕಾಣುವುದೇ ಇಲ್ಲ.

ಸ್ಕ್ಯಾನ್‌ನಲ್ಲಿ ಏನು ನೋಡಬೇಕು

ಎಕ್ಸ್‌ರೇ ಎರಡೂ ಮಂಡಿಗೆ ಬೇಕು, ಓಸಿಡಿ ಎರಡೂ ಕಡೆ ಇರುವುದುಂಟು. ನೇರ, ಪಕ್ಕದ ನೋಟಗಳ ಜೊತೆ ಮಂಡಿ ಮಡಚಿ ತೆಗೆಯುವ 'ಟನಲ್ ವ್ಯೂ' ಮತ್ತು ಚಿಪ್ಪಿಗಾಗಿ 'ಸ್ಕೈಲೈನ್ ವ್ಯೂ' ಕೇಳಿ. ಉಬ್ಬಿನ ಹಿಂಭಾಗದ ಗಾಯ ಟನಲ್ ವ್ಯೂ ಇಲ್ಲದಿದ್ದರೆ ತಪ್ಪಿಹೋಗುತ್ತದೆ. ಹತ್ತು ವರ್ಷದೊಳಗಿನ ಮಕ್ಕಳಲ್ಲಿ ಇದಕ್ಕೆ ವಿರುದ್ಧದ ಎಡವಟ್ಟೂ ಆಗುತ್ತದೆ: ಉಬ್ಬಿನ ಹಿಂಭಾಗದ ಮೂಳೆ ಸಹಜವಾಗಿಯೇ ಒರಟೊರಟಾಗಿ ಬಲಿಯುತ್ತಿರುತ್ತದೆ, ಅದನ್ನೇ ಓಸಿಡಿ ಎಂದು ಓದಿಬಿಡುತ್ತಾರೆ.

ಎಂಆರ್‌ಐಯಲ್ಲಿ ಮುಖ್ಯ ಪ್ರಶ್ನೆ, ಚೂರು ಗಟ್ಟಿಯಾಗಿದೆಯೇ ಸಡಿಲವೇ. ದೊಡ್ಡವರಲ್ಲಿ ಚೂರಿನ ಹಿಂದೆ ಬಿಳಿ ಗೆರೆ ಕಂಡರೆ ಸಡಿಲ ಎಂದುಬಿಡಬಹುದು. ಮಕ್ಕಳಲ್ಲಿ ಅಷ್ಟು ಸಾಲದು. ಆ ಗೆರೆ ಕೀಲಿನ ದ್ರವದಷ್ಟೇ ಬೆಳ್ಳಗಿರಬೇಕು, ಅದರ ಹಿಂದೆ ಇನ್ನೊಂದು ಕಪ್ಪು ಗೆರೆ ಇರಬೇಕು, ಇಲ್ಲವೇ ಕಾರ್ಟಿಲೇಜಿನ ಅಡಿಯ ಮೂಳೆಪದರ ಹಲವು ಕಡೆ ತುಂಡಾಗಿರಬೇಕು. ನೀರುಗುಳ್ಳೆಗಳೂ ಹಲವಾರು ಇದ್ದರೆ ಅಥವಾ 5 ಮಿ.ಮೀ.ಗಿಂತ ದೊಡ್ಡದಿದ್ದರೆ ಮಾತ್ರ ಲೆಕ್ಕಕ್ಕೆ. ದೊಡ್ಡವರ ಅಳತೆಗೋಲಿನಲ್ಲಿ ಓದಿದ ರಿಪೋರ್ಟ್‌ನಿಂದಾಗಿ ಗಟ್ಟಿಯಾಗಿದ್ದ ಚೂರಿಗೂ ಆಪರೇಷನ್ ಆಗಿಬಿಡುತ್ತದೆ. ಮಕ್ಕಳ ಎಂಆರ್‌ಐ ನೋಡಿ ಅಭ್ಯಾಸವಿರುವ ರೇಡಿಯಾಲಜಿಸ್ಟರಿಂದ ಎರಡನೇ ಓದು ಮಾಡಿಸಲು ಹಿಂಜರಿಯಬೇಡಿ. ಕಾಗದದ ರಿಪೋರ್ಟ್ ಸಾಲದು, ಚಿತ್ರಗಳಿರುವ ಸಿಡಿ ಅಥವಾ ಲಿಂಕ್ ಬೇಕು.

ಇನ್ನು ಗ್ರೋತ್ ಪ್ಲೇಟ್. ತೊಡೆಮೂಳೆಯ ಉದ್ದದಲ್ಲಿ ಸುಮಾರು ನೂರಕ್ಕೆ ಎಪ್ಪತ್ತು ಪಾಲು ಬೆಳೆಯುವುದು ಮಂಡಿಯ ಹತ್ತಿರದ ಪ್ಲೇಟಿನಿಂದ, ವರ್ಷಕ್ಕೆ ಹೆಚ್ಚುಕಡಿಮೆ 1 ಸೆಂ.ಮೀ. ಹುಡುಗಿಯರಲ್ಲಿ 14ರ ಆಸುಪಾಸು, ಹುಡುಗರಲ್ಲಿ 16ರ ಆಸುಪಾಸು ಅದು ಮುಚ್ಚುತ್ತದೆ. ತೆರೆದಿದ್ದರೆ ಲಾಭವೂ ಇದೆ, ಅಪಾಯವೂ ಇದೆ: ಮೂಳೆ ಬೇಗ ಕೂಡುತ್ತದೆ, ಆದರೆ ಸ್ಕ್ರೂ ಅದನ್ನು ದಾಟಿ ಹೋದರೆ ಕಾಲು ಗಿಡ್ಡವಾಗಬಹುದು ಅಥವಾ ಸೊಟ್ಟಗೆ ಬೆಳೆಯಬಹುದು.

ಕಾಯುವುದು ಅಥವಾ ಡ್ರಿಲ್ಲಿಂಗ್

ಪ್ಲೇಟ್ ತೆರೆದಿದೆ, ಚೂರು ಗಟ್ಟಿಯಾಗಿದೆ, ಮೇಲಿನ ಪದರ ಒಡೆದಿಲ್ಲ ಎಂದಾದರೆ ಮೊದಲ ಆಯ್ಕೆ ಆಪರೇಷನ್ ಅಲ್ಲ. 3ರಿಂದ 6 ತಿಂಗಳು ಓಟ, ಜಿಗಿತ, ಪಿ.ಟಿ. ಪೂರ್ತಿ ಬಂದ್. ಮೊದಲ ಕೆಲವು ವಾರ ಊರುಗೋಲು ಅಥವಾ ಭಾರ ತಪ್ಪಿಸುವ ಬ್ರೇಸ್. ಹೀಗೆ ಕಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ವಾಸಿಯಾಗುವ ದಾರಿ ಆರು ತಿಂಗಳಿನಿಂದ ವರ್ಷದೊಳಗೆ ಎಕ್ಸ್‌ರೇಯಲ್ಲಿ ಕಾಣತೊಡಗುತ್ತದೆ. ಬಹಳ ಸಲ ಇದು ಕೆಡುವುದು ಒಂದೇ ಕಾರಣಕ್ಕೆ: ನೋವು ಎರಡನೇ ತಿಂಗಳಲ್ಲೇ ಹೋಗುತ್ತದೆ, ಮಗು ಬ್ಯಾಡ್ಮಿಂಟನ್ ಕೋರ್ಟಿಗೆ ಮರಳುತ್ತದೆ. ನೋವು ಹೋಗುವುದಕ್ಕೂ ಮೂಳೆ ಕೂಡುವುದಕ್ಕೂ ಸಂಬಂಧವಿಲ್ಲ. ಕೋಚ್‌ಗೂ ಶಾಲೆಗೂ ಬರಹದಲ್ಲಿ ತಿಳಿಸಿ. ರಕ್ತದಲ್ಲಿ ವಿಟಮಿನ್ ಡಿ ಪರೀಕ್ಷೆಯೂ ಆಗಲಿ. ಅಪಾರ್ಟ್‌ಮೆಂಟಿನಿಂದ ಸ್ಕೂಲ್ ವ್ಯಾನಿಗೆ, ವ್ಯಾನಿನಿಂದ ಕ್ಲಾಸ್‌ರೂಮಿಗೆ ಓಡಾಡುವ ನಮ್ಮೂರ ಮಕ್ಕಳಲ್ಲಿ ಕೊರತೆ ಸಾಮಾನ್ಯ. ಗಾಯ ಹೊರಬದಿಯ ಉಬ್ಬಿನಲ್ಲಿದ್ದರೆ ಅಲ್ಲಿನ ಮೆನಿಸ್ಕಸ್ ಹುಟ್ಟಿನಿಂದಲೇ ತಟ್ಟೆಯಾಕಾರದ್ದೇ ಎಂದು ನೋಡಿಸಬೇಕು. ಮೂಲ ಅದೇ ಆಗಿದ್ದರೆ ಬರೀ ವಿಶ್ರಾಂತಿಯಿಂದ ಪ್ರಯೋಜನ ಕಡಿಮೆ.

ಆರು ತಿಂಗಳಾದರೂ ಮೂಳೆ ಕೂಡದಿದ್ದರೆ, ಅಥವಾ ಪ್ಲೇಟ್ ಮುಚ್ಚಲು ಹೆಚ್ಚು ದಿನ ಉಳಿದಿಲ್ಲದಿದ್ದರೆ ಡ್ರಿಲ್ಲಿಂಗ್. ಸುಮಾರು 1.6 ಮಿ.ಮೀ. ದಪ್ಪದ ನುಣುಪು ತಂತಿಯಿಂದ ಸತ್ತ ಮೂಳೆಗೆ ಹಲವು ತೂತು ಕೊರೆದು ರಕ್ತ ಬರುವ ದಾರಿ ಮಾಡುತ್ತಾರೆ. ಎರಡು ದಾರಿಗಳಿವೆ. ಕೀಲಿನ ಒಳಗಿನಿಂದ ಕಾರ್ಟಿಲೇಜಿನ ಮೂಲಕವೇ ಕೊರೆಯುವುದು ಸುಲಭ, ನಿಖರ, ಆದರೆ ನುಣುಪು ಪದರದಲ್ಲಿ ಸಣ್ಣ ತೂತುಗಳು ಉಳಿಯುತ್ತವೆ. ಮೂಳೆಯ ಪಕ್ಕದಿಂದ, ಗ್ರೋತ್ ಪ್ಲೇಟಿನ ಕೆಳಗಿನಿಂದ ಕೊರೆದರೆ ಪದರ ಹಾಗೇ ಉಳಿಯುತ್ತದೆ, ಆದರೆ ಸಿ-ಆರ್ಮ್ ಎಕ್ಸ್‌ರೇ ಮೇಲೆ ಕಣ್ಣಿಟ್ಟೇ ಮಾಡಬೇಕು, ಗುರಿ ತಪ್ಪಿದರೆ ಚೂರಿಗೆ ತಗಲುವುದೇ ಇಲ್ಲ. ವಾಸಿಯಾಗುವ ಪ್ರಮಾಣ ಎರಡರಲ್ಲೂ ಚೆನ್ನಾಗಿದೆ. ಸರ್ಜನ್‌ಗೆ ಯಾವುದು ಕೈಗೆ ಪಳಗಿದೆಯೋ ಅದೇ ಸರಿ. ಇದಕ್ಕಾಗಿ ಡಾಕ್ಟರ್ ಬದಲಿಸಬೇಕಿಲ್ಲ.

ಚೂರನ್ನು ಕೂರಿಸಿ ಬಿಗಿಯುವುದು

ಚೂರು ಸಡಿಲವಾಗಿದ್ದರೆ ಅಥವಾ ಕಿತ್ತುಬಂದಿದ್ದರೆ ಮೊದಲು ಕೇಳಬೇಕಾದ ಪ್ರಶ್ನೆ: ಇದನ್ನೇ ಮತ್ತೆ ಬಿಗಿಯಲು ಆಗುತ್ತದೆಯೇ? ಸುಮಾರು 1 ಚದರ ಸೆಂ.ಮೀ.ಗಿಂತ ದೊಡ್ಡದು, ಭಾರ ಬೀಳುವ ಜಾಗದ್ದು, ಪುಡಿಯಾಗದೆ ಒಂದೇ ತುಂಡಾಗಿದೆ ಎಂದರೆ ಪ್ರಯತ್ನಿಸಲೇಬೇಕು. ಹಿಂದೆ ಮೂಳೆಯ ಪದರ ಅಂಟಿಕೊಂಡಿದ್ದರೆ ಒಳ್ಳೆಯದು, ಏಕೆಂದರೆ ಮೂಳೆ ಮೂಳೆಗೆ ಕೂಡುತ್ತದೆ. ಮೂಳೆಯಿಲ್ಲದ ಬರೀ ಕಾರ್ಟಿಲೇಜ್ ಚೂರನ್ನು ದೊಡ್ಡವರಲ್ಲಿ ಸಾಮಾನ್ಯವಾಗಿ ತೆಗೆದು ಎಸೆಯುತ್ತಾರೆ. ಬೆಳೆಯುವ ಮಕ್ಕಳಲ್ಲಿ ಅದೂ ಕೂಡಿಕೊಂಡ ಉದಾಹರಣೆಗಳು ಸಾಕಷ್ಟಿವೆ. 'ಬರೀ ಕಾರ್ಟಿಲೇಜ್, ತೆಗೆದುಬಿಡೋಣ' ಎಂದರೆ ಕಾರಣ ಕೇಳಿ.

ಇಲ್ಲಿ ತಡ ಸಲ್ಲದು. ಕೀಲಿನಲ್ಲಿ ತೇಲುವ ಚೂರು ದ್ರವ ಹೀರಿ ಊದಿಕೊಳ್ಳುತ್ತದೆ, ಅಂಚು ಸವೆಯುತ್ತದೆ, ಕಿತ್ತುಬಂದ ಗುಳಿಯಲ್ಲಿ ನಾರು ಬೆಳೆಯುತ್ತದೆ. ಏಟು ಬಿದ್ದ ಎರಡು ವಾರದೊಳಗೆ ಆದರೆ ಸರ್ಜನ್ ಕೆಲಸ ಹಗುರ. ವಾರಗಳು ಕಳೆದ ಮೇಲೂ ಆಗುತ್ತದೆ, ಆಗ ಚೂರನ್ನು ಕತ್ತರಿಸಿ ಗುಳಿಗೆ ಹೊಂದಿಸಬೇಕು. ಪರೀಕ್ಷೆ ಮುಗಿಯಲಿ, ಬೇಸಿಗೆ ರಜೆಗೆ ಮಾಡಿಸೋಣ ಎಂದು ಮುಂದೂಡುವುದು ಗಟ್ಟಿ ಚೂರಿನ ಡ್ರಿಲ್ಲಿಂಗ್‌ಗೆ ನಡೆಯುತ್ತದೆ, ಇದಕ್ಕೆ ನಡೆಯುವುದಿಲ್ಲ.

ಕ್ರಮ ಹೀಗೆ: ಗುಳಿಯ ತಳದ ನಾರನ್ನು ಕೆರೆದು ರಕ್ತ ಬರುವ ಮೂಳೆ ಕಾಣಿಸಬೇಕು, ಗಟ್ಟಿಯಾಗಿದ್ದರೆ ಸಣ್ಣ ತೂತು ಕೊರೆಯಬೇಕು. ಮೂಳೆ ಸವೆದು ಆಳವಾಗಿದ್ದರೆ ಮಗುವಿನದೇ ಮೂಳೆಪುಡಿ ತುಂಬಿ ಮಟ್ಟ ಮಾಡಬೇಕು, ಇಲ್ಲದಿದ್ದರೆ ಚೂರು ತಗ್ಗಿನಲ್ಲಿ ಕೂರುತ್ತದೆ. ಆಮೇಲೆ ಕನಿಷ್ಠ ಎರಡು ಕಡೆ ಬಿಗಿಯಬೇಕು. ಒಂದೇ ಸ್ಕ್ರೂ ಇದ್ದರೆ ಚೂರು ಅದರ ಸುತ್ತ ತಿರುಗುತ್ತದೆ.

ಬಿಗಿಯಲು ಏನು? ತಲೆಯಿಲ್ಲದ ಟೈಟಾನಿಯಂ ಸ್ಕ್ರೂ ಹಿಡಿತ ಗಟ್ಟಿ, ಚೂರನ್ನು ಮೂಳೆಗೆ ಒತ್ತಿ ಹಿಡಿಯುತ್ತದೆ. ಕಾರ್ಟಿಲೇಜ್ ಮಟ್ಟಕ್ಕಿಂತ 1–2 ಮಿ.ಮೀ. ಒಳಗೆ ಹುದುಗಿಸುತ್ತಾರೆ. ಮೇಲಿನ ಪದರ ಒಂದಿಷ್ಟು ತಗ್ಗಿದರೂ ಲೋಹ ಹೊರಬಂದು ಎದುರಿನ ಕಾರ್ಟಿಲೇಜನ್ನು ಗೀರಿಬಿಡುತ್ತದೆ. ಅದಕ್ಕಾಗಿಯೇ ಬಹಳ ಸರ್ಜನ್‌ಗಳು ಚೂರು ಕೂಡಿದ ಮೇಲೆ, ಕೆಲವು ತಿಂಗಳ ನಂತರ ತೆಗೆಯುತ್ತಾರೆ. ಅಂದರೆ ಎರಡನೇ ಅನಸ್ತೇಸಿಯಾ, ಎರಡನೇ ಬಿಲ್. ಒಳ್ಳೆಯ ಸಂಗತಿಯೆಂದರೆ ತೆಗೆಯುವಾಗ ಚೂರು ನಿಜಕ್ಕೂ ಕೂಡಿದೆಯೇ ಎಂದು ಕಣ್ಣಾರೆ ನೋಡಬಹುದು. ಕರಗುವ ಪಿನ್ ಅಥವಾ ಸ್ಕ್ರೂ ತೆಗೆಯುವ ತಾಪತ್ರಯವಿಲ್ಲ, ಮುಂದಿನ ಎಂಆರ್‌ಐಗೂ ಅಡ್ಡಿಯಿಲ್ಲ. ಆದರೆ ಒತ್ತುವ ಬಲ ಕಡಿಮೆ, ಕೆಲವೊಮ್ಮೆ ಮುರಿದು ತುದಿ ಹೊರಬರುತ್ತದೆ, ಕೆಲವು ಮಕ್ಕಳಲ್ಲಿ ಕರಗುವ ವಸ್ತುವಿಗೆ ಮಂಡಿ ಊದಿಕೊಳ್ಳುತ್ತದೆ. ಪೂರ್ತಿ ಕರಗಲು ವರ್ಷಗಳೇ ಬೇಕು. ದಪ್ಪ ಮೂಳೆಪದರವಿರುವ, ಭಾರ ಬೀಳುವ ಜಾಗದ ದೊಡ್ಡ ಓಸಿಡಿ ಚೂರಿಗೆ ಲೋಹ, ಚಿಪ್ಪಿನಿಂದ ಹೊಸದಾಗಿ ಕಿತ್ತುಬಂದ ತೆಳು ಚೂರಿಗೆ ಕರಗುವ ಪಿನ್ ಎಂಬುದು ನಮ್ಮ ಸಾಮಾನ್ಯ ಲೆಕ್ಕ. ಯಾವುದೇ ಆಗಲಿ, ಅದರ ತುದಿ ಗ್ರೋತ್ ಪ್ಲೇಟ್ ದಾಟಿಲ್ಲ ಎಂಬುದಕ್ಕೆ ಆಪರೇಷನ್ ನಡುವಿನ ಎಕ್ಸ್‌ರೇ ಚಿತ್ರ ಇರಬೇಕು.

ಚೂರು ಉಳಿಯದಿದ್ದಾಗ

ಪುಡಿಯಾಗಿದೆ, ಕೊಳೆತಿದೆ ಅಥವಾ ಹಿಂದೆಯೇ ಯಾರೋ ತೆಗೆದುಬಿಟ್ಟಿದ್ದಾರೆ. ಆಗ ಗುಳಿಯನ್ನು ಬೇರೆ ಯಾವುದರಿಂದಲೋ ತುಂಬಬೇಕು.

ಮೈಕ್ರೋಫ್ರಾಕ್ಚರ್ ಎಲ್ಲಕ್ಕಿಂತ ಅಗ್ಗ. ಒಂದೇ ಸಲಕ್ಕೆ ಕೀಹೋಲ್‌ನಲ್ಲಿ ಮುಗಿಯುತ್ತದೆ, ವಿಶೇಷ ಇಂಪ್ಲಾಂಟ್ ಬೇಡ. ಗುಳಿಯ ಅಂಚನ್ನು ನೆಟ್ಟಗೆ ಕತ್ತರಿಸಿ, ತಳದ ಮೂಳೆಗೆ 3–4 ಮಿ.ಮೀ. ಅಂತರದಲ್ಲಿ ಚುಚ್ಚುತ್ತಾರೆ. ಮಜ್ಜೆಯ ರಕ್ತ ಬಂದು ಹೆಪ್ಪುಗಟ್ಟಿ, ತಿಂಗಳುಗಳಲ್ಲಿ ನಾರಿನಂಥ ಕಾರ್ಟಿಲೇಜ್ ಆಗುತ್ತದೆ. ತೊಡಕು ಇರುವುದು ಅಲ್ಲೇ: ಅದು ಮೂಲದ ನುಣುಪು ಕಾರ್ಟಿಲೇಜ್ ಅಲ್ಲ, ಮೊದಲ ಒಂದೆರಡು ವರ್ಷ ಚೆನ್ನಾಗಿದ್ದು ಆಮೇಲೆ ಸವೆಯುತ್ತದೆ. ಎಪ್ಪತ್ತರ ಅಜ್ಜನಿಗೆ ಐದು ವರ್ಷ ಬಂದರೂ ಲಾಭ, ಹನ್ನೆರಡರ ಮಗುವಿಗೆ ಮುಂದೆ ಅರವತ್ತು ವರ್ಷ ಇದೆ. 2 ಚದರ ಸೆಂ.ಮೀ.ಗಿಂತ ಚಿಕ್ಕ, ಮೂಳೆ ನಷ್ಟವಿಲ್ಲದ ಗಾಯಕ್ಕೆ ಮಾತ್ರ ಇದನ್ನು ಒಪ್ಪಬಹುದು. ಓಸಿಡಿಯ ಆಳದ ಗುಳಿಗೆ ಬೇಡ. ತಳದ ಮೂಳೆ ಒಮ್ಮೆ ಗಟ್ಟಿಯಾಗಿ ಉಬ್ಬಿದರೆ ಮುಂದೆ ಮಾಡುವ ರಿಪೇರಿಯೂ ಕಷ್ಟವಾಗುತ್ತದೆ. ಇದರ ಮೇಲೆ ಕೊಲಾಜನ್ ಹಾಳೆ ಹೊದಿಸುವ ಎಎಂಐಸಿ ಎಂಬ ಬಗೆಯೂ ಇದೆ. ಹೆಪ್ಪು ಜಾಗ ಬಿಟ್ಟು ಹೋಗದಂತೆ ಅದು ಹಿಡಿಯುತ್ತದೆ, ಹಾಳೆಯ ಬೆಲೆ ಬಿಲ್‌ಗೆ ಸೇರುತ್ತದೆ.

ಓಟ್ಸ್, ಅಥವಾ ಮೊಸಾಯಿಕ್‌ಪ್ಲಾಸ್ಟಿ, ಸಸಿಯನ್ನು ಬೇರಿನ ಮಣ್ಣು ಸಮೇತ ಕಿತ್ತು ನೆಡುವ ಹಾಗೆ. ಅದೇ ಮಂಡಿಯಲ್ಲಿ ಭಾರ ಕಡಿಮೆ ಬೀಳುವ ಅಂಚಿನಿಂದ ಮೂಳೆ ಸಮೇತ ಕಾರ್ಟಿಲೇಜಿನ ಸಣ್ಣ ಕಂಬಗಳನ್ನು ತೆಗೆದು ಗುಳಿಯಲ್ಲಿ ಕೂರಿಸುತ್ತಾರೆ. 1ರಿಂದ 3 ಚದರ ಸೆಂ.ಮೀ.ವರೆಗೆ, ಅದರಲ್ಲೂ ಮೂಳೆಯೂ ಹೋಗಿರುವ ಓಸಿಡಿ ಗುಳಿಗೆ ಇದು ಚೆನ್ನಾಗಿ ಹೊಂದುತ್ತದೆ. ಲಿಥುವೇನಿಯಾದಲ್ಲಿ ಮಕ್ಕಳ ಓಸಿಡಿಗೆ ಓಟ್ಸ್ ಮತ್ತು ಮೈಕ್ರೋಫ್ರಾಕ್ಚರ್ ಎರಡನ್ನೂ ಎದುರುಬದುರಿಟ್ಟು ನೋಡಿದ, 2009ರಲ್ಲಿ ಪ್ರಕಟವಾದ ಅಧ್ಯಯನ ಒಂದಿದೆ. ಒಂದು ವರ್ಷಕ್ಕೆ ಎರಡೂ ಗುಂಪುಗಳು ಚೆನ್ನಾಗಿದ್ದವು. ಸರಾಸರಿ ನಾಲ್ಕು ವರ್ಷಕ್ಕೆ ಓಟ್ಸ್ ಗುಂಪಿನಲ್ಲಿ ನೂರಕ್ಕೆ 83, ಮೈಕ್ರೋಫ್ರಾಕ್ಚರ್ ಗುಂಪಿನಲ್ಲಿ ನೂರಕ್ಕೆ 63 ಮಕ್ಕಳಷ್ಟೇ ಒಳ್ಳೆಯ ಸ್ಥಿತಿಯಲ್ಲಿ ಉಳಿದರು. ಚಿಕ್ಕ ಅಧ್ಯಯನ ನಿಜ, ಆದರೆ ಮಕ್ಕಳ ಮೇಲೆ ಇಂಥ ನೇರ ಹೋಲಿಕೆ ಇರುವುದೇ ವಿರಳ.

ಓಟ್ಸ್ ಕೆಡುವುದು ಕೈಚಳಕದಲ್ಲಿ. ಕಂಬ 1 ಮಿ.ಮೀ. ಎತ್ತರ ಉಳಿದರೂ ಎಲ್ಲ ಭಾರ ಅದರ ಮೇಲೆ ಬೀಳುತ್ತದೆ. ಸುತ್ತಿಗೆಯಿಂದ ಜೋರಾಗಿ ಬಡಿದರೆ ಮೇಲಿನ ಕೋಶಗಳು ಸಾಯುತ್ತವೆ. ತೆಗೆದ ಜಾಗದಲ್ಲಿ ನೋವು ಉಳಿಯಬಹುದು, ಅದರಲ್ಲೂ ಮೆಟ್ಟಿಲು ಇಳಿಯುವಾಗ, ಕಂಬಗಳು ಹೆಚ್ಚಿದಷ್ಟೂ ಹೆಚ್ಚು. ಪ್ಲೇಟ್ ತೆರೆದಿರುವ ಮಕ್ಕಳಲ್ಲಿ ಕಂಬದ ಆಳ ಅದಕ್ಕೆ ತಾಗದಂತೆ ಮೊದಲೇ ಎಂಆರ್‌ಐಯಲ್ಲಿ ಅಳೆದಿರಬೇಕು.

2 ಚದರ ಸೆಂ.ಮೀ.ಗಿಂತ ದೊಡ್ಡದಕ್ಕೆ ಕೋಶ ಬೆಳೆಸುವ ಎಸಿಐ. ಸ್ವೀಡನ್ನಿನ ತಂಡ ಇದರ ಫಲಿತಾಂಶವನ್ನು ಪ್ರಕಟಿಸಿದ್ದು 1994ರಲ್ಲಿ. ಮೊದಲ ಆಪರೇಷನ್‌ನಲ್ಲಿ 200–300 ಮಿ.ಗ್ರಾಂ.ನಷ್ಟು ಕಾರ್ಟಿಲೇಜ್ ತೆಗೆದು ಲ್ಯಾಬ್‌ಗೆ ಕಳಿಸುತ್ತಾರೆ, ಕೆಲವು ವಾರ ಬೆಳೆಸಿದ ಕೋಶಗಳನ್ನು ಎರಡನೇ ಆಪರೇಷನ್‌ನಲ್ಲಿ ಹಾಕುತ್ತಾರೆ. ಹೊಸ ಬಗೆಯಲ್ಲಿ ಕೋಶಗಳು ಒಂದು ಹಾಳೆಯ ಮೇಲೆ ಕೂತೇ ಬರುತ್ತವೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟದ್ದು ವಯಸ್ಕರಿಗೆ. ಆದ್ದರಿಂದ ನಿಮಗೆ ಹೇಳುತ್ತಿರುವ ಉತ್ಪನ್ನದ ಪರವಾನಗಿಯಲ್ಲಿ ವಯಸ್ಸು ಎಷ್ಟು ಎಂದಿದೆ, ನೋಡಿ. ಗುಳಿ 8 ಮಿ.ಮೀ.ಗಿಂತ ಆಳವಿದ್ದರೆ ಮೊದಲು ಮೂಳೆ ತುಂಬಲೇಬೇಕು, ಬರೀ ಕೋಶ ಸಾಲದು. ಖರ್ಚಿನಲ್ಲಿ ಇದೇ ಮೇಲಿನ ಮೆಟ್ಟಿಲು.

ದಾನಿಯ ತಾಜಾ ಮೂಳೆ-ಕಾರ್ಟಿಲೇಜ್ ಕಸಿ ವಿದೇಶದ ಬರಹಗಳಲ್ಲಿ ದೊಡ್ಡ ಗಾಯಕ್ಕೆ ಪದೇಪದೇ ಬರುತ್ತದೆ. ಅದನ್ನು ಕೆಲವೇ ವಾರದೊಳಗೆ, ಅಳತೆ ಹೊಂದಿಸಿ ಬಳಸಬೇಕು. ನಮ್ಮಲ್ಲಿ ಅದು ದಿನನಿತ್ಯದ ಆಯ್ಕೆಯಲ್ಲ.

ಪಿಆರ್‌ಪಿ (ರೋಗಿಯದೇ ರಕ್ತದಿಂದ ಬೇರ್ಪಡಿಸಿದ ಪ್ಲೇಟ್‌ಲೆಟ್ ದ್ರವ), ಸ್ಟೆಮ್ ಸೆಲ್ ಇಂಜೆಕ್ಷನ್‌ಗಳ ಜಾಹೀರಾತು ಊರ ತುಂಬ ಇವೆ. ಕಿತ್ತುಬಂದ ಚೂರು ಇಂಜೆಕ್ಷನ್‌ನಿಂದ ಕೂಡುವುದಿಲ್ಲ. ಮಕ್ಕಳ ಮಂಡಿಯ ಇಂಥ ಗಾಯಕ್ಕೆ ಸ್ಟೆಮ್ ಸೆಲ್ ಕೊಡುವುದು ಪ್ರಯೋಗದ ಹಂತದ್ದು, ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿ ಪ್ರಕಾರ ನೋಂದಾಯಿತ ಅಧ್ಯಯನದ ಹೊರಗೆ ಅದನ್ನು ಚಿಕಿತ್ಸೆಯಾಗಿ ಮಾರುವಂತಿಲ್ಲ.

ಕಾಲಿನ ಗೆರೆ, ಚಿಪ್ಪಿನ ದಾರಿ

ಗುಳಿಯನ್ನಷ್ಟೇ ತುಂಬಿ ಕಾರಣವನ್ನು ಬಿಟ್ಟರೆ ಯಾವ ರಿಪೇರಿಯೂ ನಿಲ್ಲದು. ಸೊಂಟದಿಂದ ಪಾದದವರೆಗೆ ನಿಂತು ತೆಗೆಸುವ ಉದ್ದದ ಎಕ್ಸ್‌ರೇ ಕೇಳಿ. ಮಂಡಿಗಳು ಒಂದಕ್ಕೊಂದು ತಾಗುವಂತಿದ್ದರೆ ಅಥವಾ ಕಾಲು ಬಿಲ್ಲಿನಂತಿದ್ದರೆ ಬೆಳೆಯುವ ಮಗುವಿಗೆ ಒಂದು ಸಣ್ಣ ಲೋಹದ ಪ್ಲೇಟ್ ಮತ್ತು ಎರಡು ಸ್ಕ್ರೂ ಹಾಕಿ ಬೆಳವಣಿಗೆಯಿಂದಲೇ ನೆಟ್ಟಗೆ ಮಾಡಬಹುದು. ಈ ಅವಕಾಶ ಗ್ರೋತ್ ಪ್ಲೇಟ್ ಮುಚ್ಚುವವರೆಗೆ ಮಾತ್ರ, ಆಮೇಲೆ ಮೂಳೆ ಕತ್ತರಿಸಿಯೇ ಸರಿಮಾಡಬೇಕು. ಚಿಪ್ಪು ಜಾರಿ ಗಾಯವಾಗಿದ್ದರೆ ಅದನ್ನು ಒಳಬದಿಯಿಂದ ಹಿಡಿಯುವ ಎಂಪಿಎಫ್‌ಎಲ್ ಕಟ್ಟುನಾರಿನ ಬಗ್ಗೆಯೂ ಅದೇ ಸಲದಲ್ಲಿ ನಿರ್ಧಾರವಾಗಲಿ. ಅದರ ತೊಡೆಮೂಳೆ ತುದಿ ಗ್ರೋತ್ ಪ್ಲೇಟಿನ ಪಕ್ಕದಲ್ಲೇ ಇರುವುದರಿಂದ ಮಕ್ಕಳಲ್ಲಿ ತೂತು ಕೊರೆಯುವ ಜಾಗ ದೊಡ್ಡವರಿಗಿಂತ ಬೇರೆ.

ಆಪರೇಷನ್ ಆದ ಮೇಲಿನ ತಿಂಗಳುಗಳು

ತೊಡೆಮೂಳೆಯ ಉಬ್ಬಿನ ಮೇಲಿನ ರಿಪೇರಿಗೆ ಸುಮಾರು 6 ವಾರ ಪೂರ್ತಿ ಭಾರ ಹಾಕುವಂತಿಲ್ಲ, ಆದರೆ ಮಂಡಿ ಮಡಚುವುದು ಮೊದಲ ವಾರದಲ್ಲೇ ಶುರುವಾಗಬೇಕು. ಚಿಪ್ಪು ಅಥವಾ ಅದು ಜಾರುವ ತೋಡಿನ ರಿಪೇರಿಗೆ ಇದು ತಿರುಗುಮುರುಗು: ಬ್ರೇಸ್‌ನಲ್ಲಿ ಕಾಲು ನೇರವಿಟ್ಟು ಬೇಗ ನಡೆಯಬಹುದು, ಮಡಚುವುದಕ್ಕೆ ಮಿತಿ. ಪಕ್ಕದ ಬೆಡ್ಡಿನ ಮಗುವಿನ ಚಾರ್ಟ್ ನೋಡಿ ಗಾಬರಿಯಾಗುವುದು ಇದಕ್ಕೇ. ಹೆದರಿಕೆಯಿಂದ ಮಂಡಿ ಮಡಚದೆ ಬಿಟ್ಟರೆ ಬಿಗಿದುಕೊಳ್ಳುತ್ತದೆ, ಅದನ್ನು ಬಿಡಿಸಲು ಮತ್ತೆ ಅನಸ್ತೇಸಿಯಾ ಬೇಕಾಗಬಹುದು.

ಆಟಕ್ಕೆ ಮರಳಲು ಬಿಗಿದ ಚೂರಿಗೆ ಸುಮಾರು 4–6 ತಿಂಗಳು, ಮೈಕ್ರೋಫ್ರಾಕ್ಚರ್ ಮತ್ತು ಓಟ್ಸ್‌ಗೆ 6–9, ಎಸಿಐಗೆ ಒಂದು ವರ್ಷ. ನೆಲದ ಟಾಯ್ಲೆಟ್, ಚಕ್ಕಳಮಕ್ಕಳ ಕೂರುವುದು, ಬೈಕ್ ಹಿಂದೆ ಕೂತು ಹೋಗುವುದು ಮೂರು ತಿಂಗಳಾದರೂ ಬೇಡ. ಕಮೋಡ್ ಕುರ್ಚಿ ಬಾಡಿಗೆಗೆ ಸಿಗುತ್ತದೆ. ತರಗತಿ ನೆಲಮಹಡಿಗೆ ಬದಲಿಸಿಕೊಡಲು ಶಾಲೆಗೆ ಆಪರೇಷನ್‌ಗೆ ಮೊದಲೇ ಪತ್ರ ಕೊಡಿ. ಸರ್ಜನ್ ಹೆಬ್ಬಾಳದಲ್ಲಿದ್ದು ಮನೆ ಬನಶಂಕರಿಯಲ್ಲಿದ್ದರೂ ಪರವಾಗಿಲ್ಲ, ಫಿಸಿಯೋ ಮಾತ್ರ ಮನೆ ಹತ್ತಿರದವರೇ ಆಗಲಿ. ವಾರಕ್ಕೆ ಮೂರು ಸಲ ಊರು ದಾಟಿ ಹೋಗಬೇಕೆಂದರೆ ಎರಡನೇ ತಿಂಗಳಲ್ಲಿ ಫಿಸಿಯೋ ನಿಂತುಹೋಗುತ್ತದೆ.

ಖರ್ಚು ಮತ್ತು ಕಾಗದ

ಡ್ರಿಲ್ಲಿಂಗ್ ಮತ್ತು ಮೈಕ್ರೋಫ್ರಾಕ್ಚರ್ ಕೆಳಮೆಟ್ಟಿಲು, ಬಿಗಿಯುವುದು ಮತ್ತು ಓಟ್ಸ್ ನಡುವೆ, ಎಸಿಐ ಮೇಲೆ. ಎಸ್ಟಿಮೇಟ್‌ನಲ್ಲಿ ಇಂಪ್ಲಾಂಟ್, ಬ್ರೇಸ್, ಎರಡನೇ ಆಪರೇಷನ್ ಬೇರೆಬೇರೆಯಾಗಿ ಬರೆಸಿಕೊಳ್ಳಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ರಕ್ಷಣೆಯಿದೆ, ಎಪಿಎಲ್ ಆದರೆ ಪ್ಯಾಕೇಜ್ ದರದ ನೂರಕ್ಕೆ 30, ವರ್ಷಕ್ಕೆ 1.5 ಲಕ್ಷದವರೆಗೆ. ತುರ್ತಲ್ಲದಿದ್ದರೆ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಜಯನಗರದ ಸಂಜಯ್ ಗಾಂಧಿ ಆಸ್ಪತ್ರೆಯಲ್ಲಿ ಮೂಳೆ ವಿಭಾಗವೇ ಮುಖ್ಯವಾದ್ದರಿಂದ ಅಲ್ಲಿಂದ ಶುರುಮಾಡುವುದು ಸುಲಭ. ಖಾಸಗಿ ವಿಮೆಯಿದ್ದರೆ ಎಸಿಐಗೆ ಮುಂಗಡ ಒಪ್ಪಿಗೆಯನ್ನು ಮೊದಲ ಆಪರೇಷನ್‌ಗೂ ಮುಂಚೆ, ಎರಡೂ ಹಂತಕ್ಕೆ, ಬರಹದಲ್ಲಿ ಪಡೆಯಿರಿ. 'ಸ್ಟೆಮ್ ಸೆಲ್' ಎಂದು ತಪ್ಪಾಗಿ ನಮೂದಾದರೆ ಕ್ಲೇಮ್ ಬೀಳುತ್ತದೆ, ಏಕೆಂದರೆ ಆ ಶೀರ್ಷಿಕೆಯಡಿ ವಿಮೆ ಕೊಡುವುದು ರಕ್ತದ ಕಾಯಿಲೆಗಳ ಮಜ್ಜೆ ಕಸಿಗೆ.

ಡಿಸ್ಚಾರ್ಜ್ ಸಮ್ಮರಿ ಜೊತೆ ಆಪರೇಷನ್ ನೋಟ್ಸ್, ಆರ್ಥ್ರೋಸ್ಕೋಪಿಯ (ಕೀಹೋಲ್ ಕ್ಯಾಮೆರಾದ) ಫೋಟೋಗಳು, ಇಂಪ್ಲಾಂಟ್ ಸ್ಟಿಕ್ಕರ್ ಕೇಳಿ ಪಡೆದು ಇಟ್ಟುಕೊಳ್ಳಿ. ಸ್ಕ್ರೂ ತೆಗೆಯುವಾಗ ಯಾವ ಕಂಪನಿಯ ಸ್ಕ್ರೂಡ್ರೈವರ್ ಬೇಕೆಂಬುದು ಆ ಸ್ಟಿಕ್ಕರ್‌ನಿಂದಲೇ ಗೊತ್ತಾಗುವುದು.